ಸತ್ತ ದನವನ್ನು ಯಾವಾಗ ಕೊಯ್ಯಬಾರದು?

ಕಲಬುರಗಿಯ ನಮ್ಮ ಕಾಲೇಜಿನಿಂದ ಕಮಲಾಪುರದ ಪ್ರೌಢಶಾಲೆಗೆ ಬೋಧನಾಭ್ಯಾಸಕ್ಕೆ ಹೋದಾಗ ಎಂಟನೆಯ ತರಗತಿಗೆ ಸೂಕ್ಷ್ಮಜೀವಿಗಳ ಪಾಠ ಮಾಡಿದೆ. 1876ರಲ್ಲಿ ರಾಬರ್ಟ್ ಕಾಕ್ ಆಂಥ್ರಾಕ್ಸ್ ರೋಗಕ್ಕೆ ಬ್ಯಾಕ್ಟೀರಿಯಾವೇ ಕಾರಣವೆಂದು ತೋರಿಸಿಕೊಟ್ಟರು ಎಂದಾಗ ವಿದ್ಯಾರ್ಥಿನಿಯೊಬ್ಬಳು, "ಸರ್, ಸತ್ತ ದನ ಕೊಯ್ದು ನೋಡಿದ್ರ ರೋಗ ಗೊತ್ತಾಗಲ್ಲೇನ್ರಿ?" ಎಂದು ಕೇಳಿದಳು.

ಮರಣೋತ್ತರ ಪರೀಕ್ಷೆಯಿಂದ ಹಲವು ರೋಗಗಳು ತಿಳಿಯುತ್ತವೆ. ಆದರೆ ಆಂಥ್ರಾಕ್ಸ್ ಶಂಕೆಯಿದ್ದರೆ ಕೊಯ್ಯಬಾರದು. ದೇಹ ತೆರೆದರೆ ಗಾಳಿ ತಾಗಿ ರೋಗಾಣುಗಳು ಬೀಜಕಗಳಾಗಿ ಮಣ್ಣಿನಲ್ಲಿ ದಶಕಗಟ್ಟಲೆ ಉಳಿಯುತ್ತವೆ. ಅಲ್ಲಿ ಮೇಯುವ ದನಕ್ಕೂ ಅಪಾಯ, ಚರ್ಮ ಸುಲಿದವರಿಗೂ ಅಪಾಯ. ಆದ್ದರಿಂದ ಪಶುವೈದ್ಯರು ಕಿವಿಯ ರಕ್ತನಾಳದ ಒಂದು ಹನಿ ರಕ್ತವನ್ನು ಗಾಜಿನ ಪಟ್ಟಿಗೆ ಲೇಪಿಸಿ, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ.

ಪಾಠಯೋಜನೆಯ ಅನ್ವಯ ಹಂತದಲ್ಲಿ ವಿಜ್ಞಾನಿಯ ಹೆಸರಿನ ಜೊತೆಗೆ ಇದನ್ನೂ ಬರೆಸಬೇಕು: ದನ ದಿಢೀರ್ ಸತ್ತು, ಮೂಗಿನಿಂದ ಕಪ್ಪು ರಕ್ತ ಸುರಿದಿದ್ದರೆ ಮುಟ್ಟಬೇಡಿ, ಸುಲಿಯಬೇಡಿ, ಪಶು ಆಸ್ಪತ್ರೆಗೆ ತಿಳಿಸಿ.