ಹಳೆ ಕಾರು: ರಿಪೇರಿಯೋ, ಬದಲಿಯೋ?

ಮಳೆಗಾಲ ಮುಗಿದು ಮದುವೆಗಳು ಶುರುವಾಗುವ ಹೊತ್ತಿಗೆ ನಮ್ಮ ಮನೆಗಳಲ್ಲಿ ಒಂದು ಚರ್ಚೆ ಏಳುತ್ತದೆ. ಅಂಗಳದಲ್ಲಿ ನಿಂತ ಹಳೆ ಕಾರನ್ನು ಇನ್ನೊಮ್ಮೆ ರಿಪೇರಿ ಮಾಡಿಸುವುದೋ, ಅಲ್ಲ ಕೊಟ್ಟು ಬೇರೆ ತರುವುದೋ? ಹಿರಿಯರು "ಇಷ್ಟು ವರ್ಷ ಓಡಿದ ಗಾಡಿ, ಇನ್ನೂ ಓಡುತ್ತದೆ" ಎನ್ನುತ್ತಾರೆ. ಮಕ್ಕಳು "ಎಲ್ಲರ ಮನೆಯಲ್ಲೂ ಹೊಸತು ಉಂಟು, ನಮ್ಮದು ಮಾತ್ರ ಗುಜರಿ" ಎನ್ನುತ್ತಾರೆ. ಗಲ್ಫಿನಲ್ಲಿರುವ ಮಗ ಫೋನಿನಲ್ಲಿ "ಲೋನ್ ಹಾಕಿ, ಕಂತು ನಾನು ಕಟ್ಟುತ್ತೇನೆ" ಎನ್ನುತ್ತಾನೆ. ಕೊನೆಗೆ ಯಾರ ಸ್ವರ ದೊಡ್ಡದೋ ಅವರ ಮಾತು ನಡೆಯುತ್ತದೆ. ಕಾಗದ ಪೆನ್ನು ಹಿಡಿದು ಲೆಕ್ಕ ಹಾಕುವವರು ಕಡಿಮೆ.

ಮದ್ರಸದಲ್ಲಿ ನಾವು ಮಕ್ಕಳಿಗೆ ದುಂದುವೆಚ್ಚದ ಬಗ್ಗೆ, ಬಡ್ಡಿಯ ಬಗ್ಗೆ, ವ್ಯಾಪಾರದಲ್ಲಿ ಮೋಸ ಮಾಡಬಾರದೆಂಬ ಬಗ್ಗೆ ಬೇರೆ ಬೇರೆ ಪಾಠ ಮಾಡುತ್ತೇವೆ. ಈ ಮೂರು ಪಾಠಗಳೂ ಒಟ್ಟಿಗೆ ಮನೆಬಾಗಿಲಿಗೆ ಬಂದು ನಿಲ್ಲುವುದು ಕಾರಿನ ವಿಷಯದಲ್ಲಿ. ಆದ್ದರಿಂದ ಈ ವಾರ ಅದನ್ನೇ ಸ್ವಲ್ಪ ಬಿಡಿಸಿ ನೋಡೋಣ.

ಮೊದಲು ಅಡಿಭಾಗ ನೋಡಿ

ಪ್ರವಾದಿ ಮುಹಮ್ಮದ್ (ಸ.ಅ.) ತಮ್ಮ ಚಪ್ಪಲಿಯನ್ನು ತಾವೇ ಹೊಲಿದುಕೊಳ್ಳುತ್ತಿದ್ದರು, ಬಟ್ಟೆಗೆ ತಾವೇ ತೇಪೆ ಹಾಕುತ್ತಿದ್ದರು ಎಂದು ಆಯಿಶಾ (ರ.ಅ.) ತಿಳಿಸಿದ್ದಾರೆ. ಹಾಗಿರುವಾಗ ರಿಪೇರಿ ಮಾಡಿಸಿ ಬಳಸುವುದರಲ್ಲಿ ನಾಚಿಕೆ ಏನೂ ಇಲ್ಲ. ಕ್ಲಚ್, ಬ್ಯಾಟರಿ, ಟಯರ್, ರೇಡಿಯೇಟರ್, ಬ್ರೇಕ್ ಪ್ಯಾಡ್ ಇವೆಲ್ಲ ಸವೆಯುವ ಸಾಮಾನುಗಳು. ಹೊಸ ಕಾರು ತಂದರೂ ಕೆಲವು ವರ್ಷಕ್ಕೆ ಇವನ್ನು ಬದಲಿಸಲೇಬೇಕು. ಎಂಜಿನ್ ಕೂಡ ಕೆಲಸ ಮಾಡಿಸಿದರೆ ಮತ್ತೆ ಓಡುತ್ತದೆ.

ಆದರೆ ನಮ್ಮ ಕರಾವಳಿಯಲ್ಲಿ ಕಾರನ್ನು ತಿನ್ನುವುದು ತುಕ್ಕು. ಉಳ್ಳಾಲ, ಸುರತ್ಕಲ್ ಕಡೆ ಉಪ್ಪುಗಾಳಿ, ಎಲ್ಲ ಕಡೆ ನಾಲ್ಕು ತಿಂಗಳ ಮಳೆ. ಹೊರಗಿನ ಪೈಂಟ್ ಚೆಂದ ಕಂಡರೂ ಮ್ಯಾಟ್ ಎತ್ತಿದರೆ ತಳದ ತಗಡಿನಲ್ಲಿ ತೂತು ಇರಬಹುದು. ಕಾರನ್ನು ಮೇಲಕ್ಕೆತ್ತಿಸಿ ನೋಡಬೇಕು: ಜಾಕ್ ಇಡುವ ಜಾಗ, ಬಾಗಿಲ ಕೆಳಗಿನ ಪಟ್ಟಿ, ಸಸ್ಪೆನ್ಶನ್ ಬೋಲ್ಟ್ ಕೂರುವ ಜಾಗ, ಬ್ರೇಕಿನ ಲೋಹದ ಪೈಪ್. ಇಲ್ಲಿ ತುಕ್ಕು ಹಿಡಿದು ಪುಡಿ ಉದುರುತ್ತಿದ್ದರೆ ಅದಕ್ಕೆ ತಗಡು ಅಂಟಿಸಿ ಪೈಂಟ್ ಹೊಡೆಸುವುದು ದುಡ್ಡು ದಂಡ, ಜೀವಕ್ಕೂ ಅಪಾಯ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿಗೆ ಶೇ. 20ರಷ್ಟು ಎಥನಾಲ್ ಸೇರಿರುವುದರಿಂದ ಹಳೆ ಗಾಡಿಗಳ ರಬ್ಬರ್ ಇಂಧನ ಪೈಪುಗಳನ್ನೂ ಪರೀಕ್ಷಿಸಬೇಕು. ಗಟ್ಟಿಯಾಗಿ ಬಿರುಕು ಬಿಟ್ಟಿದ್ದರೆ ಕೂಡಲೇ ಬದಲಿಸಿ, ಅದು ಸಣ್ಣ ಖರ್ಚು.

ಓಮ್ನಿಯ ಬಗ್ಗೆ ಒಂದು ಮಾತು. ನಮ್ಮ ಊರುಗಳಲ್ಲಿ ಕಲ್ಯಾಣಕ್ಕೂ ಅದೇ, ಆಸ್ಪತ್ರೆಗೂ ಅದೇ, ಮದ್ರಸಕ್ಕೂ ಅದೇ. 1984ರಲ್ಲಿ ಬಂದ ಆ ಗಾಡಿಯ ತಯಾರಿ 2019ರಲ್ಲಿ ನಿಂತದ್ದು ಹೊಸ ಸುರಕ್ಷತಾ ನಿಯಮಗಳಿಗೆ ಅದು ಹೊಂದದೆ ಹೋದ ಕಾರಣಕ್ಕೆ. ಡ್ರೈವರಿನ ಮುಂದೆ ಎಂಜಿನ್ ಇಲ್ಲ, ಏರ್‌ಬ್ಯಾಗ್ ಇಲ್ಲ. ಅಂಥದ್ದರ ತಳ ತುಕ್ಕು ತಿಂದಿದ್ದು, ಅದರಲ್ಲಿ ಹತ್ತು ಹದಿನೈದು ಮಕ್ಕಳನ್ನು ತುಂಬಿದರೆ, ಜತೆಗೆ ಅಡುಗೆ ಗ್ಯಾಸಿನ ಸಿಲಿಂಡರ್ ಕೂಡ ಇಟ್ಟರೆ ಅದನ್ನು ಮಿತವ್ಯಯ ಎಂದು ಕರೆಯಲಾಗದು. ಮಕ್ಕಳು ನಮ್ಮ ಕೈಯಲ್ಲಿರುವ ಅಮಾನತ್. ಅಂಥ ಗಾಡಿಯನ್ನು ನಿಲ್ಲಿಸಲೇಬೇಕು. ಇಲ್ಲಿ ಬೇರೆ ಲೆಕ್ಕ ಬೇಡ.

15 ವರ್ಷದ ಭಯ

"15 ವರ್ಷ ಆಯ್ತು, ಸರಕಾರ ಗುಜರಿಗೆ ಹಾಕುತ್ತದಂತೆ" ಎಂದು ಹೆದರಿ ಒಳ್ಳೆಯ ಗಾಡಿಯನ್ನು ಬ್ರೋಕರ್ ಹೇಳಿದ ರೇಟಿಗೆ ಕೊಟ್ಟವರು ಉಂಟು. 10 ವರ್ಷದ ಡೀಸೆಲ್, 15 ವರ್ಷದ ಪೆಟ್ರೋಲ್ ಗಾಡಿ ಓಡಬಾರದೆಂಬ ನಿಯಮ ಬಂದದ್ದು ದಿಲ್ಲಿ ಮತ್ತು ಅದರ ಸುತ್ತಮುತ್ತಲಿನ ಪ್ರದೇಶಕ್ಕೆ. ನಮ್ಮಲ್ಲಿ ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿದಾಗ, ಆರ್‌ಟಿಒ ತಪಾಸಣೆಯಲ್ಲಿ ಗಾಡಿ ಪಾಸಾದರೆ ಐದು ವರ್ಷಕ್ಕೆ ನವೀಕರಿಸಬಹುದು. ಖರ್ಚು ಮಾತ್ರ ಹೆಚ್ಚಾಗಿದೆ. ಮೊದಲು 600 ರೂಪಾಯಿ ಇದ್ದ ನವೀಕರಣ ಶುಲ್ಕ 2022ರ ಏಪ್ರಿಲ್‌ನಿಂದ 5,000 ಆಯಿತು. 20 ವರ್ಷ ದಾಟಿದ ಕಾರಿಗೆ 2025ರಲ್ಲಿ 10,000 ಮಾಡಿದ್ದಾರೆ. ಇದನ್ನೂ ರಿಪೇರಿ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಕಂತಿನ ಲೆಕ್ಕ

ತಳ ಗಟ್ಟಿ ಇದ್ದರೆ ಮುಂದಿನದು ದುಡ್ಡಿನ ಲೆಕ್ಕ. ಗ್ಯಾರೇಜಿನಲ್ಲಿ ಇವತ್ತಿನ ಒಂದು ಕೆಲಸದ ರೇಟು ಮಾತ್ರ ಕೇಳಬೇಡಿ. ಮುಂದಿನ ಒಂದು ವರ್ಷದಲ್ಲಿ ಏನೆಲ್ಲ ಬರಬಹುದು ಎಂದು ಪಟ್ಟಿ ಮಾಡಿಸಿ. ಆ ಪಟ್ಟಿಯ ಮೊತ್ತ ಕಾರಿನ ಮಾರುಕಟ್ಟೆ ಬೆಲೆಯ ಅರ್ಧದೊಳಗಿದ್ದರೆ ಸಾಮಾನ್ಯವಾಗಿ ರಿಪೇರಿಯೇ ಲಾಭ. ಬೆಲೆಗಿಂತ ಹೆಚ್ಚಾದರೆ ಗಾಡಿ ಬಿಡುವ ಕಾಲ ಬಂತು ಎಂದು ಅರ್ಥ.

"ಹೊಸತು ಪೆಟ್ರೋಲ್ ಉಳಿಸುತ್ತದೆ" ಎಂಬ ಮಾತನ್ನೂ ತೂಗಿ ನೋಡಿ. ತಿಂಗಳಿಗೆ 500 ಕಿ.ಮೀ. ಓಡಿಸುವ ಮನೆ ಎಂದಿಟ್ಟುಕೊಳ್ಳಿ. ಹಳೆಯದು ಲೀಟರಿಗೆ 14, ಹೊಸತು 20 ಕಿ.ಮೀ. ಕೊಟ್ಟರೆ, ಲೀಟರಿಗೆ 100 ರೂಪಾಯಿಯಂತೆ ವರ್ಷಕ್ಕೆ ಉಳಿಯುವುದು ಸುಮಾರು 13,000 ರೂಪಾಯಿ. ಅದೇ ಹೊಸ ಕಾರಿಗೆ 6 ಲಕ್ಷ ಸಾಲವನ್ನು ಶೇ. 9.5 ಬಡ್ಡಿಗೆ ಏಳು ವರ್ಷಕ್ಕೆ ತೆಗೆದರೆ ತಿಂಗಳ ಕಂತು ಸುಮಾರು 9,800. ಒಟ್ಟು ಕಟ್ಟುವುದು 8.23 ಲಕ್ಷ. ಅಂದರೆ 2.23 ಲಕ್ಷ ಬರೀ ಬಡ್ಡಿ. ಏಳು ವರ್ಷದ ಪೆಟ್ರೋಲ್ ಉಳಿತಾಯ ಒಂದು ಲಕ್ಷವೂ ಆಗಲಿಲ್ಲ! ವ್ಯಾಪಾರಕ್ಕಾಗಿ ತಿಂಗಳಿಗೆ 2,000 ಕಿ.ಮೀ. ಓಡುವವರಿಗೆ ಉಳಿತಾಯ ವರ್ಷಕ್ಕೆ 50,000 ದಾಟುತ್ತದೆ, ಅವರ ಲೆಕ್ಕ ಬೇರೆ.

ದುನಿಯಾದ ಲೆಕ್ಕ ಹೀಗಿದ್ದರೆ ದೀನಿನ ಲೆಕ್ಕ ಇನ್ನೂ ಸ್ಪಷ್ಟ. ಬಡ್ಡಿ ಕೊಡುವುದೂ ಹರಾಮ್, ತೆಗೆಯುವುದೂ ಹರಾಮ್. ನೆರೆಮನೆಯ ಪೋರ್ಚಿನಲ್ಲಿ ಏನು ನಿಂತಿದೆ ಎಂಬುದು ಅದಕ್ಕೆ ಅನಿವಾರ್ಯ ಕಾರಣ ಆಗುವುದಿಲ್ಲ. ಗಲ್ಫಿನ ಕೆಲಸ ಯಾವತ್ತು ಉಂಟು, ಯಾವತ್ತು ಇಲ್ಲ ಎಂದು ಯಾರಿಗೂ ಗೊತ್ತಿಲ್ಲ. ಅಲ್ಲಿ ಕೆಲಸ ಹೋದ ತಿಂಗಳಲ್ಲೂ ಇಲ್ಲಿ ಕಂತಿನ ದಿನ ಬಂದೇ ಬರುತ್ತದೆ.

ಹಾಗಾದರೆ ದಾರಿ ಇಲ್ಲವೇ? ಉಂಟು. ಕೈಯಲ್ಲಿರುವ ನಗದಿಗೆ ತಕ್ಕಂತೆ ಐದಾರು ವರ್ಷ ಹಳೆಯ, ಏರ್‌ಬ್ಯಾಗ್ ಮತ್ತು ಎಬಿಎಸ್ ಇರುವ ಸೆಕೆಂಡ್‌ಹ್ಯಾಂಡ್ ಕಾರು ನಮ್ಮಲ್ಲಿ ಹೆಚ್ಚಿನ ಮನೆಗಳಿಗೆ ಸಾಕು. ಪರಿಚಯದ ಮೆಕ್ಯಾನಿಕ್‌ಗೆ ತೋರಿಸದೆ ಮುಂಗಡ ಕೊಡಬೇಡಿ. ನಗದು ಪೂರ್ತಿ ಇಲ್ಲದಿದ್ದರೆ ಮಾರುವವರೊಡನೆಯೇ ಕಂತಿನ ವ್ಯಾಪಾರ ಮಾಡಬಹುದು. ನಗದು ಬೆಲೆಗಿಂತ ಕಂತಿನ ಬೆಲೆ ಹೆಚ್ಚಿದ್ದರೂ, ಕರಾರಿನ ಹೊತ್ತಿಗೆ ಒಂದೇ ಬೆಲೆ ಖಚಿತವಾಗಿ, ತಡವಾದರೆ ಆ ಬೆಲೆ ಏರುವುದಿಲ್ಲ ಎಂದಾದರೆ ನಮ್ಮ ಶಾಫಿಈ ಮಝ್‌ಹಬಿನಲ್ಲಿ ಅದಕ್ಕೆ ಅನುಮತಿ ಉಂಟು. ಸಹಿ ಹಾಕುವ ಮೊದಲು ಕರಾರನ್ನು ನಿಮ್ಮ ಖತೀಬರಿಗೆ ತೋರಿಸಿ. ಕುಟುಂಬದಲ್ಲಿ ಅನುಕೂಲ ಇರುವವರು ಬಡ್ಡಿ ಇಲ್ಲದ ಸಾಲ ಕೊಟ್ಟು ನೆರವಾದರೆ ಅದು ದೊಡ್ಡ ಪುಣ್ಯದ ಕೆಲಸ. ಪಡೆದವರು ಬರೆದಿಟ್ಟು, ಹೇಳಿದ ದಿನಕ್ಕೆ ಹಿಂದಿರುಗಿಸಬೇಕು ಅಷ್ಟೆ.

ಕೊಡುವಾಗ ದೋಷ ಹೇಳಿ

ಕೊಡುವುದೆಂದು ತೀರ್ಮಾನ ಆಯಿತು. ಈಗ ತುಕ್ಕಿನ ಮೇಲೆ ಪೈಂಟ್, ಕಿಲೋಮೀಟರ್ ತಿರುಗಿಸುವುದು, ಎಂಜಿನ್ ಹೊಗೆ ಕಾಣದಂತೆ ದಪ್ಪ ಆಯಿಲ್ ಹಾಕುವುದು, ಇವನ್ನೆಲ್ಲ ಹೇಳಿಕೊಡುವವರು ಬರುತ್ತಾರೆ. ಮದೀನದ ಸಂತೆಯಲ್ಲಿ ಒದ್ದೆ ಧಾನ್ಯವನ್ನು ಅಡಿಗೆ ಹಾಕಿ ಒಣಗಿದ್ದನ್ನು ಮೇಲೆ ಇಟ್ಟಿದ್ದವನ ರಾಶಿಗೆ ಪ್ರವಾದಿಯವರು (ಸ.ಅ.) ಕೈ ಹಾಕಿ ನೋಡಿ, ಮೋಸ ಮಾಡುವವನು ನಮ್ಮವನಲ್ಲ ಎಂದು ಎಚ್ಚರಿಸಿದ್ದು ನಮಗೆಲ್ಲ ಗೊತ್ತು. ಪೈಂಟಿನ ಅಡಿಯ ತುಕ್ಕು ಆ ಒದ್ದೆ ಧಾನ್ಯದ ಹಾಗೆಯೇ. ಗೊತ್ತಿರುವ ದೋಷವನ್ನು ಬಾಯಿ ಬಿಟ್ಟು ಹೇಳಿ ಮಾರಿ. ನಾಲ್ಕು ಕಾಸು ಕಡಿಮೆ ಬಂದರೂ ಅದರಲ್ಲಿ ಬರಕತ್ ಉಂಟು.

ಹಾಗೆಯೇ ಫಾರಂ 29, 30ಕ್ಕೆ ಸಹಿ ಹಾಕಿ ಬ್ರೋಕರ್ ಕೈಗೆ ಕೊಟ್ಟು ಮರೆತುಬಿಡಬೇಡಿ. ಆರ್‌ಸಿಯಲ್ಲಿ ಹೆಸರು ಬದಲಾಗುವ ತನಕ ಆ ಗಾಡಿ ಅಪಘಾತ ಮಾಡಿದರೆ ಪರಿಹಾರದ ಹೊಣೆ ನೋಂದಾಯಿತ ಮಾಲಕನದ್ದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಓಡಿಸಲಾಗದ ಗಾಡಿಯಾದರೆ ಮಾನ್ಯತೆ ಇರುವ ಗುಜರಿ ಕೇಂದ್ರಕ್ಕೆ ಕೊಟ್ಟು ನೋಂದಣಿ ರದ್ದು ಮಾಡಿಸಿ.

ತಳ ಗಟ್ಟಿ ಇದ್ದರೆ ರಿಪೇರಿ, ತಳ ಹೋದರೆ ಬದಲಿ, ಬದಲಿಗೆ ಕೈಯಲ್ಲಿರುವಷ್ಟೇ ದುಡ್ಡು. ಇಷ್ಟನ್ನು ಮನೆಯವರೆಲ್ಲ ಕೂತು ಮಾತಾಡಿ, ಉಮ್ಮನ ಅಭಿಪ್ರಾಯವನ್ನೂ ಕೇಳಿ ತೀರ್ಮಾನಿಸಿದರೆ ಅಂಗಳದಲ್ಲಿ ಹಳೆ ಕಾರು ನಿಂತರೂ ಮನಸ್ಸಿಗೆ ಸಮಾಧಾನ. ನಮ್ಮ ಪ್ರಯಾಣಗಳನ್ನು ಅಲ್ಲಾಹನು ಸುರಕ್ಷಿತವಾಗಿಸಲಿ, ನಮ್ಮ ಸಂಪಾದನೆಯಲ್ಲಿ ಬರಕತ್ ಕೊಡಲಿ. ಆಮೀನ್.