ಕಾರಿನಲ್ಲಿ ನಾಯಿ ಒಯ್ಯುವಾಗ ಸೀಟು ಉಳಿಸಿಕೊಳ್ಳುವುದು

ನಾನು ಒಣಬೇಸಾಯದವ. ಬಾದಾಮಿ ತಾಲೂಕಿನಲ್ಲಿ 11 ಎಕರೆ ಮಸಾರಿ ಹೊಲ, ಶೇಂಗಾ, ಸಜ್ಜೆ, ತೊಗರಿ ಬೆಳೀತೇನೆ. ಕಾರಿನ ಬಗ್ಗೆ ಬರೆಯಲು ಇವನಿಗೇನು ಗೊತ್ತು ಅಂತ ಓದುಗರಿಗೆ ಅನ್ನಿಸಬಹುದು. ಕಾರು ಮಗನದು, ನಾಯಿ ನನ್ನದು. ಇವೆರಡರ ಸಲುವಾಗಿ ಮನೆಯಲ್ಲಿ ಮಾತು ಬಿಡುವ ಮಟ್ಟಕ್ಕೆ ಹೋಗಿತ್ತು. ಅದರಿಂದ ಕಲಿತದ್ದನ್ನು ಬರೀತಾ ಇದ್ದೇನೆ. ಈಗ ಹಳ್ಳಿಯಲ್ಲೂ ಮನೆಗೊಂದು ಹಳೇ ಕಾರು ಬಂದಿದೆ, ನಾಯಿಯಂತೂ ಮೊದಲಿಂದಲೂ ಇದೆ. ಒಂದಲ್ಲ ಒಂದು ದಿನ ಇದನ್ನು ಅದರಲ್ಲಿ ಹಾಕಿಕೊಂಡು ಡಾಕ್ಟರ ಹತ್ತಿರ ಹೋಗೋ ಪ್ರಸಂಗ ಬಂದೇ ಬರುತ್ತದೆ.

ನಮ್ಮ ನಾಯಿ ಕೆಂಚಿ, ಮುಧೋಳ ಜಾತಿಯ ಹೆಣ್ಣು. 2005ರಲ್ಲಿ ಅಂಚೆಚೀಟಿಯ ಮೇಲೆ ಬಂತಲ್ಲ, ಅದೇ ಜಾತಿ. ಉದ್ದ ಕಾಲು, ಸಣ್ಣ ನಡು, ತೆಳು ಚರ್ಮ, ತೂಕ 24 ಕಿಲೋ. ಬೇಟೆಗೆ ಸಾಕಿದ್ದಲ್ಲ, ಬೇಟೆಗೆ ಕಾನೂನಿನ ತಡೆ ಇದೆ. ಶೇಂಗಾ ಹೊಲಕ್ಕೆ ಹಂದಿ ಬಂದರೆ ಬೊಗಳಿ ಎಬ್ಬಿಸಲಿಕ್ಕೆ, ಕುರಿ ಹಟ್ಟಿಗೆ ತೋಳ ನರಿ ಬಾರದ ಹಾಗೆ ನೋಡಲಿಕ್ಕೆ. ಅದು ಇದ್ದ ವರ್ಷ ನಾನು ರಾತ್ರಿ ಕಣ್ಣು ತುಂಬ ನಿದ್ದೆ ಮಾಡಿದ್ದೇನೆ.

2022ರ ಮೇ ತಿಂಗಳು. ಕೆಂಚಿ ಎರಡು ದಿನ ಉಣಲಿಲ್ಲ, ಮೈ ಕಾದಿತ್ತು. ಮೂರನೇ ದಿನ ಮೂಗಿನಿಂದ ರಕ್ತ ಬಂತು. ಊರಿಂದ ಬಾಗಲಕೋಟೆ 38 ಕಿಲೋಮೀಟರ್. ಆ ಬಿಸಿಲಲ್ಲಿ ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಒಯ್ದರೆ ದಾರಿಯಲ್ಲೇ ಸಾಯುತ್ತಿತ್ತು. ಮಗನ ಕಾರು ಕೇಳಿದೆ. ಬ್ಯಾಂಕಿನ ಸಾಲ ಮಾಡಿ ತಂದ ಕಾರು, ಇನ್ನೂ 31 ಕಂತು ಬಾಕಿ. ಆದರೂ ಒಲ್ಲೆ ಅನ್ನಲಿಲ್ಲ. ನಾನು ಜಾಣತನ ಮಾಡಿ ಹಿಂದಿನ ಸೀಟಿನ ಮೇಲೆ ನಾಲ್ಕು ಯೂರಿಯಾ ಚೀಲ ಹಾಸಿದೆ. ಪ್ಲಾಸ್ಟಿಕ್ಕು, ನೀರು ಇಳಿಯೋದಿಲ್ಲ ಅಂತ ಲೆಕ್ಕ.

ಅದೇ ತಪ್ಪಾಯ್ತು. ಮೊದಲನೇ ತಿರುವಿನಲ್ಲೇ ಚೀಲ ಜಾರಿತು, ಜೊತೆಗೆ ನಾಯಿಯೂ ಜಾರಿತು. ಜಾರುವ ನಾಯಿ ಉಗುರು ಊರುತ್ತದೆ. ಚೀಲ ಸರಿದು ಉಗುರು ಸೀಟಿನ ಬಟ್ಟೆಗೇ ಬಿತ್ತು. ಬ್ರೇಕು ಹಾಕಿದಾಗ ಸೀಟಿನ ಮುಂದಿನ ಕಾಲಿಡುವ ಸಂದಿಗೆ ಬಿತ್ತು. ಹೆದರಿ ಉಚ್ಚೆ ಹೊಯ್ದಿತು, ಆಮೇಲೆ ವಾಂತಿ. ಎಲ್ಲಾ ಚೀಲದ ಮೇಲಿಂದ ಹರಿದು ಸೀಟಿನ ಹೊಲಿಗೆಯಲ್ಲಿ ಇಳಿದು ಒಳಗಿನ ಸ್ಪಂಜಿಗೆ ಹೋಯ್ತು. ಮೂಗಿನ ರಕ್ತ ಬಾಗಿಲಿಗೆ ಸಿಡಿದಿತ್ತು. ಬಾಗಲಕೋಟೆ ಮುಟ್ಟೋದರೊಳಗೆ ಮಗ ಮಾತಾಡೋದು ಬಿಟ್ಟಿದ್ದ.

ಡಾಕ್ಟರು ರಕ್ತ ನೋಡಿ ಉಣ್ಣಿಯಿಂದ ಬರುವ ಜ್ವರ ಅಂದರು. ಸಲೈನ್ ಹಚ್ಚಿದರು, 28 ದಿನದ ಗುಳಿಗೆ ಬರೆದುಕೊಟ್ಟರು. ಮೊದಲ ವಾರ ದಿನ ಬಿಟ್ಟು ದಿನ ತರಬೇಕು ಅಂತ ಹೇಳಿದರು. ಮನೆಗೆ ಬಂದ ಮೇಲೆ ಮಗ ಅಂದ: "ಅಪ್ಪಾ, ನಾಯಿ ಇನ್ನೊಮ್ಮಿ ಈ ಕಾರಿನ್ಯಾಗ ಬ್ಯಾಡ. ಕೂಸು ಕುಂದರೋ ಸೀಟು ಅದು." ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಆದರೆ ಕಾರಿಲ್ಲದೆ ನಾಯಿ ಉಳಿಯೋದಿಲ್ಲ. "ಒಂದ ಸಲ ನೋಡು. ಮತ್ತ ಹೊಲಸಾತಂದ್ರ ಸೀಟಿನ ರೊಕ್ಕ ನಾ ಕೊಡ್ತೀನಿ," ಅಂತ ಹೇಳಿ ಒಂದು ದಿನದ ವ್ಯಾಳ್ಯಾ ತಗೊಂಡೆ.

ಕಾಲು ಜಾರಬಾರದು

ಆ ರಾತ್ರಿ ಕೂತು ವಿಚಾರ ಮಾಡಿದಾಗ ಒಂದು ಹೊಳೆಯಿತು. ನಾನು ಸೀಟು ಮುಚ್ಚೋದನ್ನಷ್ಟೇ ನೋಡಿದ್ದೆ, ನಾಯಿ ನಿಲ್ಲೋದನ್ನು ನೋಡಿರಲಿಲ್ಲ. ಇದೇ ಕೆಂಚಿ ಚಕ್ಕಡಿಯಲ್ಲಿ ಹೊಟ್ಟಿನ ಮೇಲೆ ಆರಾಮ ಮಲಗಿ ಬರುತ್ತದೆ. ಅಲ್ಲಿ ಕಾಲಿಗೆ ಹಿಡಿತ ಇದೆ. ಕಾರಿನಲ್ಲಿ ಹಿಡಿತ ಇಲ್ಲ, ಅದಕ್ಕೇ ಗೀರುತ್ತದೆ, ಹೆದರುತ್ತದೆ, ಹೆದರಿದ್ದಕ್ಕೆ ಉಚ್ಚೆ. ಮುಧೋಳ ನಾಯಿಗೆ ಈ ತ್ರಾಸು ಜಾಸ್ತಿ. ಕಾಲು ಉದ್ದ, ಕುಂಡಿ ಊರಿ ಕೂಡ್ರುವುದು ಅದಕ್ಕೆ ಸಲೀಸಿಲ್ಲ. ಒಂದೋ ನಿಲ್ಲುತ್ತದೆ, ಇಲ್ಲಾ ಮಲಗುತ್ತದೆ. ನಿಂತರೆ ಬ್ರೇಕಿಗೆ ಬೀಳುತ್ತದೆ. ಆದ್ದರಿಂದ ಅದು ಮಲಗುವಂಥ ಜಾಗ ಮಾಡಬೇಕು.

ಮರುದಿನ ಟ್ರ್ಯಾಕ್ಟರ್ ಸೀಟು ಹೊಲಿಯುವವನ ಅಂಗಡಿಗೆ ಹೋಗಿ ಹೊಲಿಸಿದ್ದು ಹೀಗಿದೆ. ಮನೆಯಲ್ಲಿದ್ದ ಗಟ್ಟಿ ತಾಡಪತ್ರಿ, ಏಳೂವರೆ ಅಡಿ ಉದ್ದ, ನಾಲ್ಕೂವರೆ ಅಡಿ ಅಗಲ. ಹಿಂದಿನ ಸೀಟಿನ ತಲೆದಿಂಬಿನಿಂದ ಕೆಳಗಿಳಿದು, ಸೀಟಿನ ಮೇಲೆ ಹಾಸಿ, ಕಾಲಿಡುವ ಸಂದಿ ದಾಟಿ, ಮುಂದಿನ ಸೀಟುಗಳ ಬೆನ್ನಿಗೆ ಏರಿ ಅವುಗಳ ತಲೆದಿಂಬಿಗೆ ಕಟ್ಟಬೇಕು. ನೋಡಿದರೆ ಜೋಳಿಗೆ ಇದ್ದ ಹಾಗೆ. ನಾಲ್ಕು ಮೂಲೆಗೆ ನವಾರದ ಪಟ್ಟಿ. ಮುಂದೆ ಏರಿದ ಭಾಗವೇ ಗೋಡೆ, ನಾಯಿ ಕಾರು ಹೊಡೆಯುವವನ ಹೆಗಲ ಮೇಲೆ ಬರೋದಿಲ್ಲ. ಎರಡೂ ಬಾಗಿಲ ಕಡೆಗೆ ಒಂದೂವರೆ ಅಡಿಯ ಸೆರಗು ಬಿಡಿಸಿದೆ. ಕಿಟಕಿಯಲ್ಲಿ ನೋಡಲಿಕ್ಕೆ ನಾಯಿ ಮುಂಗಾಲು ಇಡೋದು ಬಾಗಿಲಿನ ಮೇಲೆ, ಗೀರು ಬೀಳೋದೂ ಅಲ್ಲೇ. ಅಳತೆ ನಮ್ಮ ಕಾರಿನದು. ನಿಮ್ಮದನ್ನು ದಾರ ಹಿಡಿದು ಅಳೆದುಕೊಳ್ಳಿ.

ಸೀಟು ಮತ್ತು ಬೆನ್ನು ಕೂಡುವ ಬಿರುಕಿನಲ್ಲಿ ತಾಡಪತ್ರಿ ನಿಲ್ಲೋದಿಲ್ಲ, ಎದ್ದೆದ್ದು ಬರುತ್ತದೆ. ಇದಕ್ಕೆ ಆ ಹೊಲಿಯುವವನೇ ಉಪಾಯ ಹೇಳಿದ. ಗೇಣುದ್ದದ ಎರಡು ಪಿ.ವಿ.ಸಿ. ಪೈಪಿನ ತುಂಡು, ತಾಡಪತ್ರಿಯ ಹಿಂಬದಿಗೆ ನವಾರದಿಂದ ಹೊಲಿದು, ಬಿರುಕಿನಲ್ಲಿ ತುರುಕಿ ಅಡ್ಡ ತಿರುಗಿಸಬೇಕು. ಎಳೆದರೂ ಬರೋದಿಲ್ಲ. ಬೆಲ್ಟಿನ ಕೊಂಡಿ ಮೇಲೆ ಬರುವ ಹಾಗೆ ಒಂದು ಸೀಳು ಬಿಟ್ಟು ಅಂಚು ಮಡಚಿ ಹೊಲಿಸಬೇಕು, ಇಲ್ಲದಿದ್ದರೆ ಅಲ್ಲಿಂದಲೇ ಉಚ್ಚೆ ಇಳಿಯುತ್ತದೆ.

ತಾಡಪತ್ರಿ ನೀರು ತಡೆಯುತ್ತದೆ, ಆದರೆ ಅದೂ ಜಾರುತ್ತದೆ. ಅದರ ಮೇಲೆ ಕೌದಿ ಹಾಸಿದೆವು. ಹಳೇ ಸೀರೆ ಪದರ ಪದರ ಕೂಡಿಸಿ ಕೈಯಿಂದ ಹೊಲಿದ ಕೌದಿಯ ದಾರದ ಗೆರೆಗಳಲ್ಲಿ ಉಗುರಿಗೆ ಹಿಡಿತ ಸಿಗುತ್ತದೆ, ಹೀರುತ್ತದೆ, ಒಗೆಯಬಹುದು. ತೆಳು ಚರ್ಮದ ನಾಯಿಗೆ ಮೊಣಕೈ ತರಚೋದೂ ಇಲ್ಲ. ಕೌದಿಗೆ ಲಾಡಿ ಹೊಲಿದು ತಾಡಪತ್ರಿಗೇ ಕಟ್ಟಬೇಕು. ಕಂಬಳಿ ಹಾಸಿ ನೋಡಿದೆ, ಕೂದಲು ಹಿಡಿದುಕೊಂಡು ಬಿಡೋದೇ ಇಲ್ಲ.

ಇನ್ನು ಕಾಲಿಡುವ ಸಂದಿ. ಜೋಳಿಗೆ ಅಲ್ಲಿ ತಗ್ಗಾಗಿ ನಾಯಿಯ ಕಾಲು ಇಳಿಯುತ್ತದೆ. ಚೀಲದಲ್ಲಿ ಏನಾದರೂ ತುಂಬಿ ಸೀಟಿನ ಮಟ್ಟಕ್ಕೆ ಏರಿಸಬೇಕು. ಮೊದಲು ತೊಗರಿ ಹೊಟ್ಟು ತುಂಬಿದೆ, ಧೂಳು ಎದ್ದು ಎಲ್ಲರೂ ಸೀನಿದೆವು. ಈಗ ಹಳೇ ಬಟ್ಟೆ ತುಂಬಿದ ಎರಡು ಗೋಣಿಚೀಲ ಇವೆ. ಎಲ್ಲಾ ಸೇರಿ ಖರ್ಚು 650 ರೂಪಾಯಿ.

ಕೊರಳಪಟ್ಟಿಗೆ ಹಗ್ಗ ಕಟ್ಟಿ ಕಾರಿನಲ್ಲಿ ಬಿಗಿಯಬೇಡಿ. ಬ್ರೇಕಿಗೆ ಉರುಲಾಗುತ್ತದೆ. ಎದೆ ಬಳಸಿ ಬರುವ ಅಗಲ ಪಟ್ಟಿ ಹಾಕಿ ಅದನ್ನು ಬೆಲ್ಟಿನ ಕೊಂಡಿಗೆ ಸೇರಿಸಬೇಕು. ಮಲಗಿ ಏಳುವಷ್ಟು ಸಡಿಲ ಸಾಕು. ಮುಂದಿನ ಸೀಟಿನಲ್ಲಿ ಕೂಡ್ರಿಸೋದಂತೂ ಬೇಡ, ಗಾಳಿಚೀಲ ಉಬ್ಬುವ ಕಾರಿನಲ್ಲಿ ಅದರ ಹೊಡೆತಕ್ಕೇ ನಾಯಿ ಸಾಯಬಹುದು.

ಉಗುರಿನ ಬಗ್ಗೆ ಒಂದು ಮಾತು. ಹೊಲದ ನಾಯಿಯ ಉಗುರು ಕಲ್ಲಿಗೆ ತಾನೇ ಸವೆಯುತ್ತದೆ, ಕತ್ತರಿಸೋದು ಬೇಡ ಅಂತ ತಿಳಿದಿದ್ದೆ. ಆದರೆ ಮುಂಗಾಲಿನ ಒಳಬದಿಗೆ, ಸ್ವಲ್ಪ ಮೇಲೆ, ಹೆಬ್ಬೆರಳಿನ ಹಾಗೆ ಒಂದು ಉಗುರಿದೆ. ಅದು ನೆಲಕ್ಕೆ ತಾಗೋದಿಲ್ಲ, ಸವೆಯೋದೂ ಇಲ್ಲ, ಕೊಕ್ಕೆಯಾಗಿ ಬೆಳೆಯುತ್ತದೆ. ನಮ್ಮ ಸೀಟು ಹರಿದದ್ದು ಅದರಿಂದಲೇ. ತುದಿಯಷ್ಟೇ ಕತ್ತರಿಸಿ. ಒಳಗೆ ರಕ್ತದ ನರ ಇದೆ, ಬೆಳಕಿಗೆ ಹಿಡಿದರೆ ಬಿಳಿ ಉಗುರಿನಲ್ಲಿ ಕೆಂಪಗೆ ಕಾಣುತ್ತದೆ.

ಹೊಟ್ಟೆ ಮತ್ತು ಸೆಕೆ

ಹೊರಡುವ ನಾಲ್ಕೈದು ತಾಸು ಮೊದಲು ರೊಟ್ಟಿ, ಅನ್ನ ಬಂದ್. ನೀರು ಮಾತ್ರ ಸ್ವಲ್ಪ ಸ್ವಲ್ಪ ಕೊಡಬಹುದು. ನಮಗಿದ್ದ ತೊಡಕೆಂದರೆ ಗುಳಿಗೆಯನ್ನು ಊಟದ ಜೊತೆಗೇ ಕೊಡಬೇಕಿತ್ತು, ಬರೀ ಹೊಟ್ಟೆಗೆ ಕೊಟ್ಟರೆ ವಾಂತಿ. ಡಾಕ್ಟರನ್ನು ಕೇಳಿ, ಆಸ್ಪತ್ರೆಗೆ ಹೋಗುವ ದಿನ ತಿರುಗಿ ಬಂದ ಮೇಲೆ ಕೊಟ್ಟೆವು. ಸಣ್ಣ ಮರಿಗಳನ್ನು ಇಷ್ಟು ಹೊತ್ತು ಉಪವಾಸ ಕೆಡವಬೇಡಿ. ಮರಿಗಳಿಗೆ ವಾಂತಿ ಜಾಸ್ತಿ, ಬೆಳೆದಂತೆ ಎಷ್ಟೋ ನಾಯಿಗಳಿಗೆ ತಾನೇ ಕಡಿಮೆಯಾಗುತ್ತದೆ.

ವಾಂತಿ ಹೇಳದೆ ಬರೋದಿಲ್ಲ. ಮೊದಲು ಜೊಲ್ಲು ಸುರಿಯುತ್ತದೆ, ತುಟಿ ನೆಕ್ಕುತ್ತದೆ, ಪದೇ ಪದೇ ಆಕಳಿಸುತ್ತದೆ, ನುಂಗಿ ನುಂಗಿ ಮಾಡುತ್ತದೆ. ಆಗಲೇ ಗಾಡಿ ನಿಲ್ಲಿಸಿ ಇಳಿಸಿ ಅಡ್ಡಾಡಿಸಬೇಕು. ಹಿಂದಿನ ಸೀಟಿನಲ್ಲಿ ನಾಯಿಯ ಹತ್ತಿರ ಒಬ್ಬರು ಇದ್ದರೆ ಇದು ಕಾಣುತ್ತದೆ, ಕಾರು ಹೊಡೆಯುವವನಿಗೆ ಕಾಣೋದಿಲ್ಲ. ಹತ್ತಿಸುವ ಮುಂಚೆ ಬೇಲಿಗುಂಟ ತಿರುಗಾಡಿಸಿ ಉಚ್ಚೆ, ಹೇಲು ಮುಗಿಸಿಬಿಡಬೇಕು. ಕಿಟಕಿ ನಾಲ್ಕು ಬೆರಳು ತೆರೆದರೆ ಸಾಕು, ತಲೆ ಹೊರಗೆ ಹಾಕಲು ಬಿಟ್ಟರೆ ಕಣ್ಣಿಗೆ ಕಸ.

ನಾಯಿಗೆ ನಮ್ಮ ಹಾಗೆ ಮೈತುಂಬ ಬೆವರು ಬರೋದಿಲ್ಲ, ತೇಕಿ ತೇಕಿಯೇ ಮೈ ತಂಪು ಮಾಡಿಕೊಳ್ಳಬೇಕು. ಸೆಕೆ ಆದಷ್ಟೂ ಜೊಲ್ಲು ಹೆಚ್ಚು. ಎ.ಸಿ. ಇದ್ದರೆ ಹಾಕಿ, ಎಣ್ಣೆ ಖರ್ಚು ನೋಡಬೇಡಿ. ನಿಂತ ಕಾರಿನಲ್ಲಿ ನಾಯಿ ಬಿಟ್ಟು ಬಾಗಿಲು ಹಾಕಿ ಸಂತೆಗೆ ಹೋಗೋದು ಬೇಡವೇ ಬೇಡ. ಬಿಸಿಲಲ್ಲಿ ಹತ್ತೇ ನಿಮಿಷಕ್ಕೆ ಒಳಗಿನ ಶಾಖ ಸುಮಾರು 10 ಡಿಗ್ರಿ ಏರುತ್ತದೆ, ಕಿಟಕಿ ಸ್ವಲ್ಪ ತೆರೆದರೂ ಅಷ್ಟೇನೂ ಫರಕಾಗೋದಿಲ್ಲ. ನಾಯಿ ತೂರಾಡಿದರೆ ನೆರಳಿಗೆ ತಂದು ಸಾದಾ ನೀರು ಮೈಮೇಲೆ ಹಾಕಿ ಗಾಳಿ ಬೀಸಿ, ಕೂಡಲೇ ಡಾಕ್ಟರ ಹತ್ತಿರ ಒಯ್ಯಿರಿ.

ಎರಡನೇ ಸಲ ಹೋದಾಗ ಕೌದಿಯ ಮೇಲೆ ಸ್ವಲ್ಪ ಜೊಲ್ಲು ಬಿಟ್ಟರೆ ಬೇರೇನೂ ಬೀಳಲಿಲ್ಲ. ಮಗ ಮನೆಗೆ ಬಂದು ಟಾರ್ಚು ಹಿಡಿದು ಸೀಟು ಪರೀಕ್ಷೆ ಮಾಡಿದ, ಸುಮ್ಮನೆ ಒಳಗೆ ಹೋದ.

ವಾಸನೆ

ಮೊದಲ ದಿನದ ವಾಸನೆ ಹೋಗಲು ಮಾತ್ರ ತಿಂಗಳು ಹಿಡಿಯಿತು, ಅರ್ಧ ತಪ್ಪು ನನ್ನದೇ. ಬೂದಿ ಹಾಕಿ ಉಜ್ಜಿದೆ, ಸ್ಪಂಜಿನೊಳಗೆ ಹೋಗಿ ಕೂತಿತು. ಉಜ್ಜಬಾರದು, ಒತ್ತಬೇಕು. ಹಳೇ ಧೋತರ ಮಡಚಿ ಇಟ್ಟು ಮೇಲೆ ನಿಂತು ಒತ್ತಿ ಹಸಿ ತೆಗೆಯಿರಿ. ನಂತರ ಬಿಳಿ ವಿನೆಗರು ಒಂದು ಪಾಲು, ನೀರು ಒಂದು ಪಾಲು ಕೂಡಿಸಿ ಚಿಮುಕಿಸಿ ಮತ್ತೆ ಒತ್ತಿ. ಆರಿದ ಮೇಲೆ ಅಡಿಗೆ ಸೋಡಾ ಉದುರಿಸಿ ರಾತ್ರಿಯೆಲ್ಲ ಬಿಟ್ಟು ಝಾಡಿಸಿ, ನಾಲ್ಕೂ ಬಾಗಿಲು ತೆರೆದು ಬಿಸಿಲಿಗೆ ನಿಲ್ಲಿಸಿ. ರಕ್ತಕ್ಕೆ ತಣ್ಣೀರು, ಬಿಸಿನೀರು ಹಾಕಿದರೆ ಕಲೆ ಗಟ್ಟಿಯಾಗುತ್ತದೆ. ಕೂದಲಿಗೆ ಸೈಕಲ್ ಟ್ಯೂಬಿನ ತುಂಡು ಹಸಿ ಮಾಡಿ ಒಂದೇ ದಿಕ್ಕಿಗೆ ಎಳೆದರೆ ಉಂಡೆ ಕಟ್ಟಿ ಬರುತ್ತದೆ.

ಫಿನಾಯಿಲು ಬೇಡ, ನಾಯಿಗೆ ವಿಷ. ಡಾಂಬರು ಗುಳಿಗೆಯೂ ಹಾಗೇ, ನುಂಗಿದರೆ ಜೀವಕ್ಕೆ ಅಪಾಯ. ಉಚ್ಚೆಯ ಮೇಲೆ ಬ್ಲೀಚಿಂಗ್ ಪುಡಿ ಹಾಕಿದರೆ ಕೆಟ್ಟ ಗಾಳಿ ಎದ್ದು ನಮ್ಮ ಎದೆಗೇ ಕುತ್ತು.

ಉಣ್ಣಿ

ಗೀರು, ವಾಸನೆ ಎರಡೂ ಕಣ್ಣು ಮೂಗಿಗೆ ತಿಳಿಯುತ್ತವೆ. ತಿಳಿಯದೆ ಉಳಿದದ್ದು ಉಣ್ಣಿ. ಮೂರು ವಾರದ ಮೇಲೆ ಸೊಸೆ ಮೊಮ್ಮಗನ ಕಿವಿಯ ಹಿಂದೆ ಒಂದು ಉಣ್ಣಿ ಕಂಡು ಚೀರಿದಳು. ಹುಡುಗನಿಗೆ ಏನೂ ಆಗಲಿಲ್ಲ, ಡಾಕ್ಟರಿಗೆ ತೋರಿಸಿಕೊಂಡು ಬಂದೆವು. ಆದರೆ ನನ್ನ ಎದೆ ಒಡೆದುಹೋಗಿತ್ತು. ಕಾರಿನ ಸೀಟಿನ ಹೊಲಿಗೆ ಬಿಡಿಸಿ ನೋಡಿದರೆ ಸಾಸಿವೆ ಚೆಲ್ಲಿದ ಹಾಗೆ ಸಣ್ಣ ಮರಿಗಳು.

ರಕ್ತ ಕುಡಿದು ತುಂಬಿದ ಹೆಣ್ಣು ಉಣ್ಣಿ ನಾಯಿಯ ಮೈ ಬಿಟ್ಟು ಇಳಿದು ಬಿರುಕು ಹುಡುಕಿ ಸಾವಿರಾರು ತತ್ತಿ ಇಡುತ್ತದೆ. ಅದಕ್ಕೆ ಗೋಡೆಯ ಬಿರುಕೂ ಒಂದೇ, ಸೀಟಿನ ಹೊಲಿಗೆಯೂ ಒಂದೇ. ಆಹಾರ ಇಲ್ಲದೆ ತಿಂಗಳುಗಟ್ಟಲೆ ಬದುಕುತ್ತದೆ. ಹತ್ತಿಸುವ ಮುಂಚೆ ಕಿವಿಯೊಳಗೆ, ಬೆರಳ ಸಂದಿ, ಕೊರಳಪಟ್ಟಿಯ ಕೆಳಗೆ, ಬಾಲದ ಬುಡ ನೋಡಿ ಚಿಮಟದಿಂದ ಬುಡ ಹಿಡಿದು ಎಳೆಯಿರಿ. ಉಗುರಿನಿಂದ ಹಿಸುಕಬೇಡಿ. ನಾಯಿಗೆ ಉಣ್ಣಿ ಔಷಧ ಡಾಕ್ಟರ ಕೈಯಿಂದ ಮಾಡಿಸಿ. ನೆರೆಯವರೊಬ್ಬರು ದನಕ್ಕೆ ಹೊಡೆಯುವ ಔಷಧವನ್ನು ಕಾರಿನೊಳಗೆ ಹೊಡಿ ಅಂದಿದ್ದರು. ಮುಚ್ಚಿದ ಗಾಡಿಯಲ್ಲಿ ಕೂಸು ಕೂಡ್ರುತ್ತದೆ, ನಾನು ಒಪ್ಪಲಿಲ್ಲ. ಕಾರು ತೊಳೆಯುವಲ್ಲಿ ಗಾಳಿ ಹೀರುವ ಮಶೀನಿನಿಂದ ಹೊಲಿಗೆ ಸಂದಿಗಳನ್ನು ವಾರಕ್ಕೊಮ್ಮೆ ಎರಡು ತಿಂಗಳು ಹೀರಿಸಿದೆವು. ಆ ಕಸವನ್ನು ಅಲ್ಲೇ ಸುಟ್ಟೆವು.

ಕೆಂಚಿ ಉಳಿಯಿತು. ಈಗ ವರ್ಷಕ್ಕೆರಡು ಸಲ ಲಸಿಕೆ, ತಪಾಸಣೆಗೆ ಅದೇ ಕಾರಿನಲ್ಲಿ ಹೋಗಿ ಬರುತ್ತದೆ. ನಾಯಿ ಇಳಿದ ಕೂಡಲೇ ಜೋಳಿಗೆ ಬಿಚ್ಚಿ ಹೊರಗೆ ಝಾಡಿಸಿ ಬಿಸಿಲಿಗೆ ಹಾಕುತ್ತೇವೆ, ಕೌದಿಯನ್ನು ಮನೆಯ ಬಟ್ಟೆಯಿಂದ ಬೇರೆ ಒಗೆಯುತ್ತೇವೆ. ಮಳೆಗಾಲದಲ್ಲಿ ಕೌದಿ ಎರಡು ದಿನವಾದರೂ ಒಣಗೋದಿಲ್ಲ, ಅದಕ್ಕೆ ಎರಡು ಬೇಕು. ಇನ್ನೊಂದಕ್ಕೆ ನಮ್ಮ ಮನೆಯಾಕಿ ಹಳೇ ಸೀರೆ ಆರಿಸಿ ಇಟ್ಟಿದ್ದಾಳೆ.