ವಿದ್ಯುತ್ ಗಿಟಾರಿನ ದೋಷ: ಬೆಸುಗೆಗೆ ಮುನ್ನ ಪರೀಕ್ಷೆ

(ಕೂಟದ ಮಾಸಿಕ ಸಭೆಯಲ್ಲಿ ನೀಡಿದ ಅತಿಥಿ ಉಪನ್ಯಾಸದ ಬರಹರೂಪ)



ದುಬೈ, ಅಬುಧಾಬಿಗಳ ನಮ್ಮ ಮನೆಗಳಲ್ಲಿ ವೀಣೆ, ಪಿಟೀಲುಗಳ ಪಕ್ಕದಲ್ಲಿ ವಿದ್ಯುತ್ ಗಿಟಾರಿಗೂ ಜಾಗ ದೊರೆತಿದೆ. ರಾಜ್ಯೋತ್ಸವದ ಮುನ್ನಾದಿನ ಅದು ಮೂಕವಾದರೆ, ಇಲ್ಲವೇ ಗುಂಯ್ ಎಂದು ಮೊರೆಯತೊಡಗಿದರೆ, ಅದನ್ನು ಬಿಚ್ಚಿ ಬೆಸುಗೆ ಹಾಕುವ ಆತುರ ನಮಗಾಗುತ್ತದೆ. ಈ ಆತುರ ಸಲ್ಲದು. ಮೊದಲು ಕಿವಿ, ಅನಂತರ ಮೀಟರು, ಕೊನೆಗೆ ಬೆಸುಗೆ ಎಂಬುದು ಸರಿಯಾದ ಕ್ರಮ.

ಗಿಟಾರಿನ ತಂತಿಗಳ ಕೆಳಗಿರುವ ಪಿಕಪ್ ಎಂಬ ಸಾಧನದಲ್ಲಿ ಅಯಸ್ಕಾಂತವೂ ಅದರ ಸುತ್ತ ಕೂದಲೆಳೆಯಷ್ಟು ಸಣ್ಣ ತಾಮ್ರದ ತಂತಿಯ ಸಾವಿರಾರು ಸುತ್ತುಗಳೂ ಇರುತ್ತವೆ. ಉಕ್ಕಿನ ತಂತಿ ಮಿಡಿದಾಗ ಕಾಂತಕ್ಷೇತ್ರ ಅಲುಗಿ, ಸುರುಳಿಯಲ್ಲಿ ಅತ್ಯಲ್ಪ ವಿದ್ಯುತ್ತು ಹುಟ್ಟುತ್ತದೆ. ವೀಣೆಯ ಹಿತ್ತಾಳೆ ತಂತಿಗಳ ನಾದವನ್ನು ಇಂತಹ ಪಿಕಪ್ ಸರಿಯಾಗಿ ಗ್ರಹಿಸದಿರುವುದು ಇದೇ ಕಾರಣಕ್ಕೆ. ಆದರೆ ಆ ಸುರುಳಿಯು ಮನೆಯ 50 ಹರ್ಟ್ಸ್ ವಿದ್ಯುತ್ತಿನ ಮೊರೆತವನ್ನೂ ಹಿಡಿಯುತ್ತದೆ. ಅದನ್ನು ತಗ್ಗಿಸಲು ಗಿಬ್ಸನ್ ಕಂಪನಿಯ ಸೇತ್ ಲವರ್ 1955ರಲ್ಲಿ ಎರಡು ಸುರುಳಿಗಳ ಹಂಬಕರ್ ರೂಪಿಸಿದರು. ಒಂಟಿ ಸುರುಳಿಯ ಪಿಕಪ್ ಸ್ವಲ್ಪ ಮೊರೆದರೆ ಅದು ದೋಷವಲ್ಲ, ಸ್ವಭಾವ.

ಈಗ ಕಿವಿಯ ಪರೀಕ್ಷೆ. ಮೊದಲು ಕೇಬಲ್ ಬದಲಿಸಿ ನೋಡಿ. ಗುಂಡಿ ತಿರುಗಿಸುವಾಗ ಮಾತ್ರ ಕರಕರ ಸದ್ದು ಬಂದರೆ ಅದರೊಳಗೆ ಕೊಳೆಯಿದೆ. ಸ್ವಚ್ಛಗೊಳಿಸುವ ದ್ರವ ಸಾಕು, ಬೆಸುಗೆ ಬೇಡ. ತಂತಿ ಮುಟ್ಟಿದಾಗ ಮೊರೆತ ಇಳಿದರೆ ತಂತಿಗಳ ನೆಲ ಸಂಪರ್ಕ ಸರಿಯಿದೆ. ಏನೂ ಬದಲಾಗದಿದ್ದರೆ ಬ್ರಿಡ್ಜ್‌ಗೆ ಹೋಗುವ ವೈರು ಕಡಿದಿರಬಹುದು. ಮುಟ್ಟಿದಾಗ ಮೊರೆತ ಹೆಚ್ಚಿದರೆ ಜ್ಯಾಕಿನ ಎರಡು ವೈರುಗಳು ಅದಲುಬದಲಾಗಿರಬಹುದು. ಎರಡು ಪಿಕಪ್‌ಗಳು ಬೇರೆಬೇರೆಯಾಗಿ ಚೆನ್ನಾಗಿ ನುಡಿದು, ಒಟ್ಟಿಗೆ ನುಡಿಸಿದಾಗ ನಾದ ತೆಳುವಾಗಿ ಬಡವಾದರೆ, ಒಂದರ ವೈರುಗಳು ತಿರುಗುಮುರುಗಾಗಿವೆ ಎಂದೇ ತಿಳಿಯಿರಿ.

ಮೀಟರಿನ ಪರೀಕ್ಷೆಗೆ ಗಿಟಾರನ್ನು ಬಿಚ್ಚಬೇಕಾಗಿಲ್ಲ. ಆಂಪ್ಲಿಫೈಯರಿನಿಂದ ಕೇಬಲ್ ಕಳಚಿ, ಇನ್ನೊಂದು ತುದಿ ಗಿಟಾರಿನಲ್ಲೇ ಇರಲಿ. ವಾಲ್ಯೂಮ್ ಪೂರ್ತಿ ಏರಿಸಿ, ಒಂದೇ ಪಿಕಪ್ ಆರಿಸಿ, ಕಳಚಿದ ಪ್ಲಗ್ಗಿನ ತುದಿಗೂ ಅದರ ಬುಡದ ಲೋಹಕ್ಕೂ ನಡುವಿನ ರೋಧವನ್ನು ಅಳೆಯಿರಿ. ಬ್ಯಾಟರಿಯಿಲ್ಲದ ಸಾಮಾನ್ಯ ಗಿಟಾರಿನಲ್ಲಿ 5ರಿಂದ 15 ಕಿಲೋ ಓಮ್ ಬಂದರೆ ಪಿಕಪ್ ಕ್ಷೇಮ. 250 ಅಥವಾ 500 ಕಿಲೋ ಓಮ್ ಬಂದರೆ ಅದು ವಾಲ್ಯೂಮ್ ಗುಂಡಿಯ ರೋಧ ಮಾತ್ರ. ಪಿಕಪ್, ಅದರ ವೈರು ಅಥವಾ ಸ್ವಿಚ್ಚಿನಲ್ಲಿ ಎಲ್ಲೋ ಸಂಪರ್ಕ ತಪ್ಪಿದೆ. ಸೊನ್ನೆ ಬಂದರೆ ಎರಡು ವೈರುಗಳು ಒಂದನ್ನೊಂದು ತಾಗಿವೆ. ಏನೂ ತೋರದಿದ್ದರೆ ಜ್ಯಾಕನ್ನು ನೋಡಿ. ಜ್ಯಾಕಿನ ನಟ್ಟು ಸಡಿಲಗೊಂಡು ತಿರುಗಿ ತಿರುಗಿ ವೈರು ಕಡಿಯುವುದು ಬಹು ಸಾಮಾನ್ಯ. ಇಲ್ಲಿನ ಬೇಸಿಗೆಯಲ್ಲಿ ಏಸಿ ಕೋಣೆಯಿಂದ ತೇವಭರಿತ ಹೊರಗಾಳಿಗೆ ಬಂದ ಲೋಹದ ಮೇಲೆ ಹನಿಗಟ್ಟುತ್ತದೆ. ಜ್ಯಾಕು, ಸ್ವಿಚ್ಚುಗಳ ಕಿಲುಬಿಗೆ ಇದೂ ಒಂದು ಕಾರಣ.

ಇನ್ನು ಬೆಸುಗೆ. ಊರಿನಲ್ಲಿ ಕಲಾಯಿಯವನು ಪಾತ್ರೆಯನ್ನು ಕಾಯಿಸಿ, ನವಸಾಗರ ತಿಕ್ಕಿ, ಆ ಪಾತ್ರೆಯ ಬಿಸಿಗೇ ತವರ ಕರಗಿ ಹರಡುವಂತೆ ಮಾಡುತ್ತಿದ್ದುದನ್ನು ಹಿರಿಯರು ಕಂಡಿದ್ದೀರಿ. ಇಲ್ಲಿಯೂ ಅದೇ ಸೂತ್ರ. ಸೋಲ್ಡರನ್ನಲ್ಲ, ಕೂಡಬೇಕಾದ ಲೋಹವನ್ನು ಕಾಯಿಸಬೇಕು. ಆದರೆ ನವಸಾಗರ ವೈರುಗಳನ್ನು ತಿನ್ನುತ್ತದೆ. ಆದ್ದರಿಂದ ರಾಳ ತುಂಬಿದ ಸೋಲ್ಡರನ್ನೇ ಬಳಸಿ. ತವರ 60, ಸೀಸ 40 ಭಾಗದ ಸೋಲ್ಡರು ಸುಮಾರು 190 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪೂರ್ತಿ ಕರಗುತ್ತದೆ. 40 ವಾಟ್‌ನ ಐರನ್ ಸಾಕು. ಸೋಲ್ಡರು ಆರುವವರೆಗೆ ವೈರು ಅಲುಗಬಾರದು. ಅಲುಗಿದರೆ ಬೆಸುಗೆ ಮಂಕಾಗಿ, ಕೆಲದಿನಗಳಲ್ಲೇ ಬಿಡುತ್ತದೆ. ಕೆಲಸ ಮುಗಿದ ಮೇಲೆ ಸೀಸ ಮುಟ್ಟಿದ ಕೈಗಳನ್ನು ತೊಳೆಯಲೇಬೇಕು.

ಕೊನೆಯದಾಗಿ, ಅತಿ ಮುಖ್ಯವಾದ ಮಾತು. ಗಿಟಾರಿನ ತಂತಿಗಳು ಕೇಬಲ್ ಮೂಲಕ ಆಂಪ್ಲಿಫೈಯರಿನ ಲೋಹದ ಮೈಗೆ ಕೂಡಿರುತ್ತವೆ. ಊರಿನಿಂದ ತಂದ ಆಂಪ್ಲಿಫೈಯರಿನ ದುಂಡು ಕಡ್ಡಿಗಳ ಪ್ಲಗ್ಗನ್ನು ಇಲ್ಲಿನ ಚೌಕ ರಂಧ್ರಗಳ ಸಾಕೆಟ್ಟಿಗೆ, ಮೇಲಿನ ರಂಧ್ರವನ್ನು ಕಡ್ಡಿಯಿಂದ ಒತ್ತಿ ತುರುಕುವವರಿದ್ದಾರೆ. ಆಂಪ್ಲಿಫೈಯರು ಹತ್ತಿಕೊಳ್ಳುತ್ತದೆ, ಹಾಡೂ ಬರುತ್ತದೆ. ಆದರೆ ಅರ್ತಿಂಗ್ ಇರುವುದಿಲ್ಲ. ಒಳಗೆ ದೋಷವಾದರೆ 220ರಿಂದ 240 ವೋಲ್ಟ್ ನೇರವಾಗಿ ಮಗುವಿನ ಬೆರಳಿಗೆ ಬರಬಹುದು. 1972ರ ಮೇ 3ರಂದು ವೇಲ್ಸ್‌ನ ಸ್ವಾನ್ಸಿಯಲ್ಲಿ ಗಿಟಾರ್ ವಾದಕ ಲೆಸ್ ಹಾರ್ವಿ ವೇದಿಕೆಯ ಮೇಲೆಯೇ ಅರ್ತಿಂಗ್ ಇಲ್ಲದ ಮೈಕ್ ಮುಟ್ಟಿ, ವಿದ್ಯುದಾಘಾತದಿಂದ ತೀರಿಕೊಂಡರು.

ಆದ್ದರಿಂದ ಮೂರು ಕಡ್ಡಿಗಳ ಸರಿಯಾದ ಪ್ಲಗ್ಗನ್ನೇ ಹಾಕಿಸಿ. ಮೊರೆತ ನಿಲ್ಲಿಸಲೆಂದು ಅರ್ತ್ ವೈರನ್ನು ಎಂದಿಗೂ ಕತ್ತರಿಸಬೇಡಿ. ಗಿಟಾರನ್ನು ನೀವು ಬಿಚ್ಚಬಹುದು, ಆಂಪ್ಲಿಫೈಯರನ್ನು ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಅದರೊಳಗೆ ಪ್ರಾಣಾಂತಕ ವಿದ್ಯುತ್ತು ಉಳಿದಿರಬಹುದು. ಅದು ಬಲ್ಲವರ ಕೆಲಸ. ಶ್ರುತಿ ಕೂಡಿಸುವ ಮೊದಲು ಅರ್ತಿಂಗ್ ನೋಡುವ ಅಭ್ಯಾಸವನ್ನು ನಮ್ಮ ಮಕ್ಕಳಿಗೆ ಮೊದಲ ಪಾಠದಲ್ಲೇ ಕಲಿಸೋಣ.